ಮಾಂಸಕ್ಕಿಂತ ಮೊದಲು ಮೇಜು

ಬೆಂಗಳೂರಿನ ಕಂಪನಿಯ ತಂಡವೊಂದು ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದರೆ, ವಾರ ಮುಗಿಯುವಷ್ಟರಲ್ಲಿ ಅಲ್ಲಿನ ಸಹೋದ್ಯೋಗಿಗಳಿಂದ ಒಂದು ಮಾತು ಬಂದೇ ಬರುತ್ತದೆ: ಒಂದು ರಾತ್ರಿ ಎಲ್ಲರೂ ಸೇರಿ ಸ್ಟೇಕ್‌ಹೌಸ್‌ಗೆ ಹೋಗೋಣ. ನ್ಯೂಜೆರ್ಸಿಯಲ್ಲಿ ನೆಲೆ ನಿಂತಿರುವ ಕನ್ನಡಿಗರಿಗೂ ಇದು ಹೊಸ ಮಾತಲ್ಲ. ಬಡ್ತಿ ಸಿಕ್ಕಿದ್ದಕ್ಕೆ, ಮಗಳ ಪದವಿ ಮುಗಿದಿದ್ದಕ್ಕೆ, ಊರಿನಿಂದ ಹಳೆಯ ಗೆಳೆಯರು ಬಂದಿದ್ದಕ್ಕೆ ಊಟದ ಯೋಜನೆ ಹೊರಡುತ್ತದೆ. ಹತ್ತು ಜನ ಹೂಂ ಎನ್ನುತ್ತಾರೆ. ಕೊನೆಗೆ ಒಬ್ಬರ ಕಡೆ ನೋಡಿ, ‘ಜಾಗ ನೀವೇ ಗೊತ್ತು ಮಾಡಿಬಿಡಿ’ ಎನ್ನುತ್ತಾರೆ. ಆ ಒಬ್ಬರಿಗಾಗಿ ಈ ವಾರದ ಅಂಕಣ.

ಸಾಮಾನ್ಯವಾಗಿ ಆ ವ್ಯಕ್ತಿ ಮಾಡುವ ಮೊದಲ ಕೆಲಸವೆಂದರೆ ನಗರದ ಅತ್ಯುತ್ತಮ ಸ್ಟೇಕ್ ಎಲ್ಲಿ ಸಿಗುತ್ತದೆ ಎಂದು ಹುಡುಕುವುದು. ಇಬ್ಬರೇ ಹೋಗುವುದಾದರೆ ಅದು ಸರಿ. ಎಂಟೋ ಹತ್ತೋ ಜನರ ಗುಂಪಿಗೆ ಆ ಪಟ್ಟಿ ದಾರಿ ತಪ್ಪಿಸುತ್ತದೆ. ಗುಂಪಿನ ಊಟ ಕೆಡುವುದು ಮಾಂಸ ಒಂದು ಹದ ಹೆಚ್ಚು ಬೆಂದಿದ್ದರಿಂದಲ್ಲ. ಒಬ್ಬರು ತಿನ್ನಲು ಏನೂ ಇಲ್ಲದೆ ಬ್ರೆಡ್ ಮುರಿಯುತ್ತಾ ಕೂತಿದ್ದರಿಂದ, ಇನ್ನೊಬ್ಬರಿಗೆ ಎದುರಿನವರ ಮಾತು ಕೇಳಿಸದೆ ಸುಮ್ಮನೆ ತಲೆಯಾಡಿಸಬೇಕಾಗಿ ಬಂದದ್ದರಿಂದ, ಮತ್ತೊಬ್ಬರು ಬಿಲ್ ಬರುವ ಹೊತ್ತಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಕುಗ್ಗಿದ್ದರಿಂದ. ಹಾಗಾಗಿ ನನ್ನ ಸಲಹೆ ಇಷ್ಟೇ: ಈ ಮೂವರು ನೆಮ್ಮದಿಯಾಗಿ ಕೂರುವ ಮೇಜು ಯಾವ ಹೋಟೆಲಿನಲ್ಲಿದೆ ಎಂದು ಮೊದಲು ನೋಡಿ. ಮಾಂಸದ ಮಾತು ಆಮೇಲೆ.

ಸ್ಟೇಕ್‌ಹೌಸ್‌ನ ಇತಿಹಾಸವನ್ನೇ ತೆಗೆದು ನೋಡಿದರೂ ಇದೇ ಕಾಣುತ್ತದೆ. ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನಲ್ಲಿ ‘ಬೀಫ್‌ಸ್ಟೇಕ್’ ಎಂಬ ಹೆಸರಿನ ಔತಣಕೂಟಗಳು ನಡೆಯುತ್ತಿದ್ದವು. ರಾಜಕೀಯ ಕ್ಲಬ್ಬುಗಳು, ಕಸುಬುದಾರರ ಸಂಘಗಳು ಯಾವುದಾದರೂ ಸಭಾಂಗಣವನ್ನೋ ನೆಲಮಾಳಿಗೆಯನ್ನೋ ಹಿಡಿದು ಇವನ್ನು ಏರ್ಪಡಿಸುತ್ತಿದ್ದವು. ಬಂದವರಿಗೆ ಏಪ್ರನ್ ಕಟ್ಟುತ್ತಿದ್ದರು. ಚಾಕು, ಫೋರ್ಕು ಇರುತ್ತಿರಲಿಲ್ಲ. ಸುಟ್ಟ ಮಾಂಸವನ್ನು ಹೋಳು ಮಾಡಿ, ಕರಗಿದ ಬೆಣ್ಣೆಯಲ್ಲಿ ಅದ್ದಿ, ಬ್ರೆಡ್ಡಿನ ಮೇಲಿಟ್ಟು ತರುತ್ತಿದ್ದರು, ಜಗ್ಗುಗಳಲ್ಲಿ ಬಿಯರ್. ನಮ್ಮ ಕಡೆಯ ಊರಹಬ್ಬದ ಬಾಡೂಟದ ಹಾಗೆ, ತಿನ್ನುವವರು ಸಾಕು ಎನ್ನುವವರೆಗೂ ಬಡಿಸುವುದು ನಿಲ್ಲುತ್ತಿರಲಿಲ್ಲ. ಜೋಸೆಫ್ ಮಿಚೆಲ್ ಎಂಬ ಪತ್ರಕರ್ತ 1939ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಈ ಕೂಟಗಳ ಬಗ್ಗೆ ವಿವರವಾದ ಲೇಖನ ಬರೆದಿದ್ದಾರೆ. ಅವರು ದಾಖಲಿಸಿರುವ ಒಂದು ಸಂಗತಿ ಮುಖ್ಯವಾದದ್ದು. ಈ ಕೂಟಗಳು ಬಹುಕಾಲ ಗಂಡಸರಿಗಷ್ಟೇ ಮೀಸಲಾಗಿದ್ದವು. 1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ಬಂದ ಮೇಲೆ ರಾಜಕೀಯ ಕ್ಲಬ್ಬುಗಳು ಅವರನ್ನೂ ಊಟಕ್ಕೆ ಕರೆಯಲು ಶುರುಮಾಡಿದವು. ಹೆಂಗಸರು ಬಂದ ಮೇಲೆ ಬರೀ ಮಾಂಸವಿದ್ದ ಊಟಕ್ಕೆ ಹಣ್ಣು, ಸಲಾಡು ಸೇರಿಕೊಂಡವು. ಬೀಫ್‌ಸ್ಟೇಕ್ ಕೂಟಗಳು ನ್ಯೂಜೆರ್ಸಿಯ ಕ್ಲಿಫ್ಟನ್ ಸುತ್ತಮುತ್ತ ಇಂದಿಗೂ ಬದುಕಿವೆ. ಶಾಲೆಗೆ, ಅಗ್ನಿಶಾಮಕ ದಳಕ್ಕೆ, ಚರ್ಚಿಗೆ ಹಣ ಕೂಡಿಸಲು ನಡೆಯುತ್ತವೆ. ಬೆಣ್ಣೆಯಲ್ಲಿ ನೆಂದ ಬ್ರೆಡ್ಡನ್ನು ತಿನ್ನದೆ ಪಕ್ಕದಲ್ಲಿ ಪೇರಿಸಿಡುತ್ತಾ ಹೋಗಿ, ಯಾರು ಎಷ್ಟು ಹೋಳು ತಿಂದರು ಎಂದು ಎಣಿಸುವುದು ಅಲ್ಲಿನ ಪದ್ಧತಿ.

ಇಂದಿನ ಸ್ಟೇಕ್‌ಹೌಸ್‌ಗೆ ಇನ್ನೊಂದು ಮೂಲ ಲಂಡನ್ನಿನ ಮಾದರಿಯ ‘ಚಾಪ್‌ಹೌಸ್’ ಎಂಬ ಮಾಂಸದೂಟದ ಹೋಟೆಲು. ಮ್ಯಾನ್‌ಹಟನ್ನಿನ 36ನೇ ಬೀದಿಯಲ್ಲಿರುವ ‘ಕೀನ್ಸ್’ ಆ ಪೀಳಿಗೆಯದು. ಆಲ್ಬರ್ಟ್ ಕೀನ್ 1885ರಲ್ಲಿ ಅದನ್ನು ತೆರೆದಾಗ ಆ ಪ್ರದೇಶವೇ ನಗರದ ನಾಟಕಗಳ ಕೇರಿಯಾಗಿತ್ತು. ಪಕ್ಕದ ಗ್ಯಾರಿಕ್ ಥಿಯೇಟರಿನ ನಟರು ಅಂಕಗಳ ನಡುವೆ ವೇಷದಲ್ಲೇ ಹಿಂಬಾಗಿಲಿನಿಂದ ಬಂದು ಉಂಡು ಹೋಗುತ್ತಿದ್ದರಂತೆ. ಅಲ್ಲಿ ತಲೆ ಎತ್ತಿದರೆ ಚಾವಣಿ ಕಾಣುವುದಿಲ್ಲ. ಉದ್ದ ಕೊಳವೆಯ ಬಿಳಿ ಮಣ್ಣಿನ ಹೊಗೆಪೈಪುಗಳು ಸಾಲುಸಾಲಾಗಿ, ಒಂದಕ್ಕೊಂದು ತಾಗುವಷ್ಟು ಒತ್ತಾಗಿ ತೂಗುತ್ತವೆ, 50,000ಕ್ಕೂ ಹೆಚ್ಚು. ಮಣ್ಣಿನ ಪೈಪು ಜೇಬಿನಲ್ಲಿಟ್ಟರೆ ಮುರಿಯುತ್ತದೆ ಎಂದು ಗಿರಾಕಿಗಳು ಅಲ್ಲೇ ಬಿಟ್ಟು ಹೋಗುತ್ತಿದ್ದರು, ಬಂದಾಗ ಹುಡುಗರು ಹುಡುಕಿ ತಂದುಕೊಡುತ್ತಿದ್ದರು. ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್, ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅವರ ಪೈಪುಗಳೂ ಅಲ್ಲಿವೆ. ಆದರೆ ಆ ಬಾಗಿಲೂ ಹೆಂಗಸರಿಗೆ ಮುಚ್ಚಿತ್ತು. ನಟಿ ಲಿಲಿ ಲ್ಯಾಂಗ್‌ಟ್ರಿ ತನ್ನನ್ನು ಒಳಗೆ ಬಿಡಲಿಲ್ಲವೆಂದು 1905ರಲ್ಲಿ ಮೊಕದ್ದಮೆ ಹೂಡಿ ಗೆದ್ದರು. ಈಗ ಅದೇ ಹೋಟೆಲಿನ ಒಂದು ಕೋಣೆಗೆ ಅವರದೇ ಹೆಸರಿದೆ.

ಈ ಎರಡು ಕಥೆಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಸ್ಟೇಕ್‌ಹೌಸ್ ಎಂದರೆ ಇದು ಹೀಗೇ ಇರಬೇಕು, ತಿನ್ನುವವರು ಬರಲಿ, ತಿನ್ನದವರು ಸಲಾಡು ಮೆಲ್ಲಲಿ ಎಂಬ ಧೋರಣೆ ಕೆಲವರಲ್ಲಿದೆ. ಆದರೆ ಅಲ್ಲಿನ ಮೇಜು ಹೊಸಬರಿಗೆ ಜಾಗ ಕೊಡುತ್ತಲೇ ಬಂದಿದೆ. ಇಂದು ನಮ್ಮ ಗುಂಪುಗಳಲ್ಲಿ ಜಾಗ ಸಿಗಬೇಕಾದವರು ದನದ ಮಾಂಸ ತಿನ್ನದವರು ಮತ್ತು ಶುದ್ಧ ಸಸ್ಯಾಹಾರಿಗಳು. ಇಂಥವರು ತಮ್ಮ ಊಟದ ಬಗ್ಗೆ ಯಾರಿಗೂ ವಿವರಣೆ ಕೊಡುವ ಸ್ಥಿತಿ ಬರಬಾರದು. ಅದು ಜಾಗ ಆರಿಸಿದವರ ಹೊಣೆ.

ದನದ ಮಾಂಸ ಬೇಡವೆನ್ನುವ ಮಾಂಸಾಹಾರಿಗಳಿಗೆ ಕೀನ್ಸ್‌ನಲ್ಲಿ ಸಮಾಧಾನಕ್ಕೊಂದು ಕೋಳಿಯ ತುಂಡು ಸಿಗುವುದಿಲ್ಲ, ಆ ಮನೆಯ ಅತಿ ಹೆಸರುವಾಸಿ ತಿನಿಸೇ ಸಿಗುತ್ತದೆ: ಮಟನ್ ಚಾಪ್. ಕುರಿಯ ಬೆನ್ನಿನ ಭಾಗವನ್ನು ಮೂಳೆಸಮೇತ ದಪ್ಪವಾಗಿ ಕತ್ತರಿಸಿ, ಅಂಚಿನ ಕೊಬ್ಬು ಗರಿಗರಿಯಾಗುವಂತೆ ಸುಟ್ಟು ತರುತ್ತಾರೆ. 1935ರಲ್ಲೇ ಹತ್ತು ಲಕ್ಷನೇ ಮಟನ್ ಚಾಪ್ ಬಡಿಸಿದ ಹೆಗ್ಗಳಿಕೆ ಆ ಹೋಟೆಲಿನದು. ಊರಿನಲ್ಲಿ ಕುರಿಮಾಂಸದ ರುಚಿ ಬಲ್ಲವರು ಇಲ್ಲಿ ಎರಡನೇ ದರ್ಜೆಯ ಅತಿಥಿಗಳಾಗುವುದಿಲ್ಲ. ಬೇರೆ ಬಹುಪಾಲು ಸ್ಟೇಕ್‌ಹೌಸ್‌ಗಳಲ್ಲೂ ಸಾಲ್ಮನ್ ಮೀನು, ಸಿಗಡಿ, ಲಾಬ್ಸ್ಟರ್, ಕುರಿಮರಿಯ ಚಾಪ್ ಇರುತ್ತವೆ. ಹಲಾಲ್ ಬೇಕಿದ್ದವರು ಮಾತ್ರ ಮುಂಚೆಯೇ ಫೋನ್ ಮಾಡಿ ಸ್ಪಷ್ಟವಾಗಿ ಕೇಳಿಕೊಳ್ಳಬೇಕು; ಇರುತ್ತದೆ ಎಂದು ಊಹಿಸಿಕೊಂಡು ಹೋಗಬಾರದು.

ಸಸ್ಯಾಹಾರಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸ್ಟೇಕ್‌ಹೌಸ್‌ನ ‘ಸೈಡ್ಸ್’ ಪಟ್ಟಿ ನೋಡಿದರೆ ಹೊಟ್ಟೆ ತುಂಬುವಂತೆಯೇ ಕಾಣುತ್ತದೆ: ಕೆನೆಯಲ್ಲಿ ಬೇಯಿಸಿದ ಪಾಲಕ್, ಹುರಿದ ಆಲೂಗೆಡ್ಡೆ, ಸುಟ್ಟ ಆಲೂಗೆಡ್ಡೆ, ಈರುಳ್ಳಿ ರಿಂಗ್, ಅಣಬೆ, ಚೀಸ್ ಹಾಕಿದ ಮ್ಯಾಕರೋನಿ. ಆದರೆ ಆಲೂಗೆಡ್ಡೆಯನ್ನು ಕೆಲವು ಅಡುಗೆಮನೆಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಈರುಳ್ಳಿ ಸೂಪಿನ ತಳದಲ್ಲಿ ಸಾಮಾನ್ಯವಾಗಿ ಮೂಳೆಯ ಸಾರು ಇರುತ್ತದೆ. ಸೀಸರ್ ಸಲಾಡಿನ ಡ್ರೆಸಿಂಗಿನಲ್ಲಿ ಆಂಚೋವಿ ಮೀನು ಇರುತ್ತದೆ, ವೂಸ್ಟರ್ ಸಾಸಿನಲ್ಲೂ ಅದೇ. ಪಾಲಕ್‌ಗೆ, ಬೀನ್ಸ್‌ಗೆ ಬೇಕನ್ ಚೂರು ಸೇರಿಸುವ ಜಾಗಗಳಿವೆ. ‘ವೆಜಿಟೇರಿಯನ್ ಇದೆಯೇ’ ಎಂದು ಕೇಳಿದರೆ ಇದೆ ಎಂಬ ಉತ್ತರವೇ ಬರುತ್ತದೆ. ‘ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಸೂಪಿಗೆ ಯಾವ ಸಾರು, ಸಲಾಡಿನಲ್ಲಿ ಮೀನಿದೆಯೇ’ ಎಂದು ಒಂದೊಂದಾಗಿ ಕೇಳಿದರೆ ನಿಜ ತಿಳಿಯುತ್ತದೆ. ಇವನ್ನೆಲ್ಲ ಮೇಜಿನಲ್ಲಿ ಎಲ್ಲರೆದುರು ಕೇಳುವುದಕ್ಕಿಂತ ಎರಡು ದಿನ ಮುಂಚೆ ಫೋನಿನಲ್ಲಿ ಕೇಳುವುದು ಲೇಸು. ಒಳ್ಳೆಯ ಹೋಟೆಲಾದರೆ ಮುಂಚೆ ತಿಳಿಸಿದವರಿಗೆ ಅಡುಗೆಯವರು ಒಂದು ಪೂರ್ತಿ ತಟ್ಟೆಯನ್ನೇ ಮಾಡಿಕೊಡುತ್ತಾರೆ.

ಇನ್ನು ಗದ್ದಲದ ವಿಚಾರ. ಎಲ್ಲರಿಗೂ ಬೇಕಾದದ್ದು ಗೆಲುವಾದ ಜಾಗ. ನಾಲ್ಕು ಮೇಜು ಆಚೆಯಿಂದ ಯಾರದೋ ಹುಟ್ಟುಹಬ್ಬದ ಹಾಡು ತೇಲಿ ಬರಬೇಕು, ಬಾರಿನಲ್ಲಿ ಜನ ಇರಬೇಕು. ಆದರೆ ಗೆಲುವಿಗೂ ಗೌಜಿಗೂ ನಡುವಿನ ಗೆರೆ ಬಹಳ ತೆಳು, ಅದನ್ನು ದಾಟುವಂತೆ ಮಾಡುವುದು ಒಂದು ಸರಳ ಕಾರಣ. ಸುತ್ತ ಸದ್ದಿದ್ದಾಗ ಮನುಷ್ಯ ತನಗೇ ತಿಳಿಯದಂತೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರಿನಲ್ಲೇ ಇದನ್ನು ಲೊಂಬಾರ್ ಪರಿಣಾಮ ಎನ್ನುತ್ತಾರೆ. ಒಂದು ಮೇಜು ದನಿ ಏರಿಸಿದರೆ ಪಕ್ಕದ್ದೂ ಏರಿಸುತ್ತದೆ, ಅದನ್ನು ಮೀರಿ ಮಾತಾಡಲು ಮೂರನೆಯದು ಕಿರುಚುತ್ತದೆ. ಸಾಧಾರಣ ಮಾತುಕತೆಯ ಮಟ್ಟ ಸುಮಾರು 60 ಡೆಸಿಬಲ್. 80 ದಾಟಿದರೆ ಮೇಜಿನ ಆಚೆ ಬದಿಯವರ ಜೊತೆ ಮಾತಾಡಲು ಗಂಟಲು ಹರಿಯಬೇಕು. ಹಳೆಯ ಸ್ಟೇಕ್‌ಹೌಸ್‌ಗಳ ಮರದ ನೆಲ, ಹೆಂಚಿನ ಗೋಡೆ, ತಗಡಿನ ಚಾವಣಿ, ಬಟ್ಟೆ ಹಾಸದ ಮೇಜು, ಎಲ್ಲವೂ ಸದ್ದನ್ನು ಹೀರದೆ ವಾಪಸ್ ಎಸೆಯುವಂಥವು.

ಇದಕ್ಕೆ ಪರಿಹಾರಗಳಿವೆ. ಬಾರಿಗೆ ಅಂಟಿಕೊಂಡ ಹಾಲಿನ ಬದಲು ಹಿಂದಿನ ಕೋಣೆಯಲ್ಲಿ, ಗೋಡೆಯ ಪಕ್ಕದಲ್ಲಿ ಮೇಜು ಕೇಳಿ. ಆರೇಳು ಜನರಿಗೆ ದುಂಡು ಮೇಜು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಹನ್ನೆರಡು ಜನರನ್ನು ಒಂದೇ ಉದ್ದನೆಯ ಮೇಜಿನಲ್ಲಿ ಕೂರಿಸಿದರೆ ಈ ತುದಿಯವರಿಗೆ ಆ ತುದಿಯವರು ಬೇರೆ ಊರಿನವರಾಗಿಬಿಡುತ್ತಾರೆ. ಅಕ್ಕಪಕ್ಕದ ಎರಡು ಮೇಜು ಹಿಡಿದು, ಊಟದ ನಡುವೆ ಜಾಗ ಬದಲಿಸಿಕೊಳ್ಳುವುದು ವಾಸಿ. ಕಿವಿ ಮಂದವಾಗಿರುವ ಹಿರಿಯರಿದ್ದರೆ ಅವರನ್ನು ಗೋಡೆಗೆ ಬೆನ್ನು ಮಾಡಿ ಮಧ್ಯದಲ್ಲಿ ಕೂರಿಸಿ. ವೇಳೆಯನ್ನೂ ನೋಡಿಕೊಳ್ಳಬೇಕು. ಬ್ರಾಡ್‌ವೇ ನಾಟಕಗಳು ಸಂಜೆ ಏಳಕ್ಕೋ ಎಂಟಕ್ಕೋ ಶುರುವಾಗುತ್ತವೆ. ಆ ಪ್ರದೇಶದ ಹೋಟೆಲುಗಳಲ್ಲಿ ಐದೂವರೆಯಿಂದ ಏಳೂವರೆಯ ತನಕ ಎಲ್ಲರಿಗೂ ಅವಸರ. ಎಂಟಕ್ಕೆ ಬುಕ್ ಮಾಡಿದರೆ ಅದೇ ಜಾಗ ಉಸಿರು ಬಿಟ್ಟಂತಿರುತ್ತದೆ, ವೇಟರಿಗೂ ನಿಮ್ಮ ಮೇಜಿನ ಬಳಿ ನಿಲ್ಲಲು ಪುರುಸೊತ್ತಿರುತ್ತದೆ.

ಇಷ್ಟು ಗೊತ್ತು ಮಾಡಿಕೊಂಡ ಮೇಲೆ ಮಾಂಸಕ್ಕೆ ಬರೋಣ. ಬ್ರಾಡ್‌ವೇ ನಾಟಕಗಳ ಪ್ರದೇಶದಲ್ಲೇ ಇರುವ 52ನೇ ಬೀದಿಯ ‘ಗ್ಯಾಲಗರ್ಸ್’ ಇದನ್ನು ರಸ್ತೆಗೇ ತೆರೆದಿಟ್ಟಿದೆ. 1927ರಲ್ಲಿ, ಪಾನನಿಷೇಧದ ಕಾಲದಲ್ಲಿ, ಕದ್ದು ಕುಡಿಯುವ ಅಡ್ಡೆಯಾಗಿ ಶುರುವಾದ ಜಾಗವಿದು. ಬೀದಿಯಲ್ಲಿ ನಿಂತರೆ ಗಾಜಿನ ಆಚೆ ಶೀತಲ ಕೋಣೆ ಕಾಣುತ್ತದೆ; ಹಲಗೆಗಳ ಮೇಲೆ ದೊಡ್ಡ ದೊಡ್ಡ ಮಾಂಸದ ತುಂಡುಗಳು, ಹೊರಮೈ ಒಣಗಿ ಕಪ್ಪಾಗಿವೆ. ಕೆಟ್ಟುಹೋಗಿದೆಯೇನೋ ಅನ್ನಿಸುವಂತಿದ್ದರೂ ಅದು ಹದ ಮಾಡುವ ಕ್ರಮ. ಸೊನ್ನೆಯಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಮೂರು ನಾಲ್ಕು ವಾರ ಇಟ್ಟಾಗ ಮಾಂಸದೊಳಗಿನ ಕಿಣ್ವಗಳು ನಾರನ್ನು ಸಡಿಲಿಸುತ್ತವೆ, ನೀರು ಆರಿ ರುಚಿ ಗಟ್ಟಿಯಾಗುತ್ತದೆ. ಒಣಗಿದ ಹೊರಪದರವನ್ನು ಕೊಯ್ದು ಎಸೆಯುತ್ತಾರೆ. ತೂಕವೂ ಕಡಿಮೆ, ಕಾಯುವ ಖರ್ಚೂ ಹೆಚ್ಚು, ಹಾಗಾಗಿ ಬೆಲೆ ಏರುತ್ತದೆ. ಮೆನುವಿನಲ್ಲಿ ‘ಡ್ರೈ ಏಜ್ಡ್’ ಎಂದಿದ್ದರೆ ಹಣ ಯಾವುದಕ್ಕೆ ಹೋಗುತ್ತಿದೆ ಎಂದು ಈಗ ತಿಳಿಯಿತಲ್ಲ. ‘ಪ್ರೈಮ್’ ಎಂಬುದು ಅಮೆರಿಕದ ಕೃಷಿ ಇಲಾಖೆ ಕೊಡುವ ಮೇಲ್ದರ್ಜೆ. ಮಾಂಸದ ನಡುವೆ ಹರಡಿದ ಕೊಬ್ಬಿನ ಎಳೆಗಳನ್ನು ನೋಡಿ ಕೊಡುತ್ತಾರೆ; ಅದರ ಕೆಳಗಿನದು ‘ಚಾಯ್ಸ್’.

ಗುಂಪಿಗೆ ಹೇಳಿಮಾಡಿಸಿದ ತುಂಡು ಪೋರ್ಟರ್‌ಹೌಸ್. ‘ಟಿ’ ಆಕಾರದ ಮೂಳೆಯ ಒಂದು ಪಕ್ಕ ಮೆದುವಾದ ಟೆಂಡರ್‌ಲಾಯಿನ್, ಇನ್ನೊಂದು ಪಕ್ಕ ಜಗಿದು ತಿನ್ನುವ ಸ್ಟ್ರಿಪ್. ಒಂದೇ ತುಂಡಿನಲ್ಲಿ ಎರಡು ರುಚಿ. ಇದನ್ನು ನೋಡಬೇಕಾದದ್ದು ಬ್ರೂಕ್ಲಿನ್ನಿನ ‘ಪೀಟರ್ ಲೂಗರ್’ನಲ್ಲಿ. 1887ರಲ್ಲಿ ಬಿಲಿಯರ್ಡ್ಸ್ ಆಟದ ಕೆಫೆಯಾಗಿ ಶುರುವಾದ ಇಲ್ಲಿನ ಮೆನುವಿನಲ್ಲೇ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದು ಸ್ಟೇಕ್ ಬರೆದಿರುತ್ತದೆ. ಮಾಂಸವನ್ನು ಮೊದಲೇ ಹೋಳು ಮಾಡಿ, ಮೂಳೆಯ ಸುತ್ತ ಮತ್ತೆ ಜೋಡಿಸಿ, ಬಿಸಿ ತಟ್ಟೆಯಲ್ಲಿ ಚಟಪಟಗುಡುತ್ತಿರುವಾಗಲೇ ತರುತ್ತಾರೆ. ವೇಟರ್ ಒಂದು ಸಣ್ಣ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ದೊಡ್ಡ ತಟ್ಟೆಯ ಒಂದು ಅಂಚನ್ನು ಏರಿಸಿಡುತ್ತಾನೆ. ಬೆಣ್ಣೆಯೂ ಮಾಂಸದ ರಸವೂ ಇಳಿಜಾರಿಗೆ ಹರಿದು ಕೆಳ ಅಂಚಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ಚಮಚದಲ್ಲಿ ಎತ್ತಿ ಒಬ್ಬೊಬ್ಬರ ಹೋಳಿನ ಮೇಲೂ ಹಾಕುತ್ತಾ ಹೋಗುತ್ತಾನೆ. ಹಂಚಿ ತಿನ್ನುವುದು ಅಲ್ಲಿನ ಬಡಿಸುವ ರೀತಿಯಲ್ಲೇ ಇದೆ. ಹಾಗೆಂದು ಹೆಸರೊಂದನ್ನೇ ನಂಬಬಾರದು. 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವಿಮರ್ಶಕ ಪೀಟ್ ವೆಲ್ಸ್ ಈ ಹೋಟೆಲಿಗೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ, 2022ರಲ್ಲಿ ಅದರ ಮಿಶೆಲಿನ್ ನಕ್ಷತ್ರವೂ ಹೋಯಿತು. ಹೀಗಿದ್ದೂ ಎಲ್ಲರೂ ದನದ ಮಾಂಸ ತಿನ್ನುವ ಗುಂಪಾದರೆ ಅಲ್ಲಿನ ಬರಿಮರದ ಮೇಜುಗಳ ಸಂಭ್ರಮಕ್ಕೆ ಸಾಟಿ ಕಡಿಮೆ. ಕಾರ್ಡಿನ ವಿಷಯದಲ್ಲಿ ಅವರ ನಿಯಮಗಳೇ ಬೇರೆ; ಹೊರಡುವ ಮುಂಚೆ ಕೇಳಿಕೊಳ್ಳಿ.

ಹಂಚಿ ತಿನ್ನುವಾಗ ಬೆಂದ ಹದವೊಂದೇ ತಕರಾರು. ‘ಮೀಡಿಯಂ ರೇರ್’ ಎಂದರೆ ಒಳಗಿನ ಉಷ್ಣತೆ ಸುಮಾರು 54ರಿಂದ 57 ಡಿಗ್ರಿ, ನಡುವೆ ಕೆಂಪು. ‘ವೆಲ್ ಡನ್’ 71 ಡಿಗ್ರಿಯ ಮೇಲೆ, ಪೂರ್ತಿ ಕಂದು. ನಮ್ಮವರಲ್ಲಿ ಬಹಳ ಮಂದಿಗೆ ಕೆಂಪು ಕಂಡರೆ ಆಗುವುದಿಲ್ಲ, ಗರ್ಭಿಣಿಯರೂ ಪೂರ್ತಿ ಬೆಂದದ್ದನ್ನೇ ತಿನ್ನಬೇಕು. ಅಂಥವರಿಗೆ ಒಂದು ತುಂಡನ್ನು ಪ್ರತ್ಯೇಕ ಹೇಳಿಬಿಡಿ. ವೆಲ್ ಡನ್ ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ. ಅಳತೆಯಲ್ಲೂ ಆಸೆ ಬೇಡ. ಇಬ್ಬರ ಪೋರ್ಟರ್‌ಹೌಸ್ ಮೂಳೆಸಮೇತ ಒಂದು ಕಿಲೋ ಆಸುಪಾಸು ಇರುತ್ತದೆ, ಸೈಡ್ಸ್ ಬೇರೆ. ಎಂಟು ಜನ ತಿನ್ನುವವರಿದ್ದರೆ ಇಬ್ಬರದು ಮೂರು ಸಾಕು. ಬೇಕಾದರೆ ಆಮೇಲೆ ಹೇಳಬಹುದು.

ಕೊನೆಯದು ಹಣ. ಇದನ್ನು ಮಾತಾಡಲು ಮುಜುಗರವೆಂದು ಬಿಟ್ಟರೆ ಊಟದ ಕೊನೆಯ ಹತ್ತು ನಿಮಿಷ ಇಡೀ ಸಂಜೆಯನ್ನು ತಿಂದುಬಿಡುತ್ತದೆ. ಮೆನುವಿನ ಬೆಲೆಯೇ ಕೊನೆಯ ಬೆಲೆಯಲ್ಲ. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ ಶೇ. 8.875. ಅದರ ಮೇಲೆ ಶೇ. 18ರಿಂದ 20ರಷ್ಟು ಟಿಪ್ಸ್ ಕೊಡುವುದು ವಾಡಿಕೆ. ವೇಟರುಗಳ ಸಂಪಾದನೆಯ ದೊಡ್ಡ ಪಾಲು ಅದೇ, ಆದ್ದರಿಂದ ಉಳಿಸಲು ನೋಡಬಾರದು. ಆರು ಜನರ ಊಟ ಮೆನು ಲೆಕ್ಕದಲ್ಲಿ 600 ಡಾಲರ್ ಆದರೆ, ತೆರಿಗೆ 53 ಡಾಲರ್ 25 ಸೆಂಟ್, ಶೇ. 20ರ ಟಿಪ್ಸ್ 120 ಡಾಲರ್. ತಲೆಗೆ ನೂರು ಎಂದುಕೊಂಡದ್ದು ಸುಮಾರು 129 ಆಗುತ್ತದೆ. ದೊಡ್ಡ ಗುಂಪುಗಳಿಗೆ ಅನೇಕ ಹೋಟೆಲುಗಳು ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿರುತ್ತವೆ. ನೋಡದೆ ಎರಡು ಸಲ ಕೊಡುವವರಿದ್ದಾರೆ. ಸಮವಾಗಿ ಹಂಚುವುದು ಸುಲಭ, ಆದರೆ ಪಾಲಕ್ ತಿಂದು ನೀರು ಕುಡಿದವರು ವೈನು ಮತ್ತು ಮಾಂಸದ ಖರ್ಚು ಹೊರುವುದು ನ್ಯಾಯವಲ್ಲ. ಕುಡಿಯುವವರ ಬಿಲ್ ಬೇರೆ ಮಾಡಿಸಿ, ಮಾಂಸದ ಖರ್ಚು ಮಾಂಸ ತಿಂದವರಿಗೆ, ಸೈಡ್ಸ್ ಎಲ್ಲರಿಗೂ ಎಂದು ಹೊರಡುವ ಮುಂಚೆಯೇ ಹೇಳಿಬಿಟ್ಟರೆ ಯಾರಿಗೂ ಕಸಿವಿಸಿಯಿಲ್ಲ. ಖಾಸಗಿ ಕೋಣೆ ಬೇಕೆಂದರೆ ಇಂತಿಷ್ಟು ಖರ್ಚು ಮಾಡಲೇಬೇಕೆಂಬ ಷರತ್ತು ಇರುತ್ತದೆ. ಅದನ್ನು ಒಪ್ಪಿಕೊಳ್ಳುವ ಮುಂಚೆ ತಲೆಗೆಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿ.

ಹಾಗಾದರೆ ಯಾವುದು? ಎಲ್ಲರೂ ದನದ ಮಾಂಸ ತಿನ್ನುವ, ಗದ್ದಲವನ್ನೂ ಇಷ್ಟಪಡುವ ಗೆಳೆಯರಾದರೆ ಪೀಟರ್ ಲೂಗರ್. ನಾಟಕ ನೋಡಿ ಊಟವೂ ಆಗಬೇಕೆಂದರೆ ಗ್ಯಾಲಗರ್ಸ್. ನಮ್ಮ ಕಚೇರಿಗಳ, ನಮ್ಮ ಮನೆಗಳ ಗುಂಪುಗಳು ಸಾಮಾನ್ಯವಾಗಿ ಇರುವಂತೆ ಒಬ್ಬರು ದನ ತಿನ್ನದ, ಒಬ್ಬರು ಮಾಂಸವನ್ನೇ ಮುಟ್ಟದ, ಒಬ್ಬರು ವಯಸ್ಸಾದ, ಇಬ್ಬರು ಎಲ್ಲವನ್ನೂ ತಿನ್ನುವ ಗುಂಪಾದರೆ ನಾನು ಕೀನ್ಸ್ ಹೇಳುತ್ತೇನೆ. ಹಿಂದಿನ ಕೋಣೆಗಳಲ್ಲೊಂದರಲ್ಲಿ, ನಾಟಕದ ಜನ ಎದ್ದು ಹೋದ ಮೇಲೆ, ಸಸ್ಯಾಹಾರದ ತಟ್ಟೆಗೆ ಮುಂಚೆಯೇ ಹೇಳಿಟ್ಟು. ಮೂರರಲ್ಲಿ ಅತ್ಯುತ್ತಮ ಸ್ಟೇಕ್ ಅಲ್ಲಿನದೇ ಎಂದು ವಾದಿಸಲು ನಾನು ಹೋಗುವುದಿಲ್ಲ. ಅಂಥ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಆ ಮನೆಯ ಒಳ್ಳೆಯದರಲ್ಲಿ ಒಂದು ಪಾಲು ಸಿಗುತ್ತದೆ. ಜಾಗ ಗೊತ್ತು ಮಾಡುವವರು ಸಾಧಿಸಬೇಕಾದದ್ದೂ ಅದನ್ನೇ, ನಗರ ಯಾವುದಾದರೂ, ಬಡಿಸುವುದು ಏನೇ ಆದರೂ.